ಕ್ರೇನಿನ ಭಾರದ ಮೇಲೆ ಕುಳಿತು ನಕ್ಕವಳು

ಹೋದ ತಿಂಗಳು ಮುಂಬಯಿಯ ಮಾಟುಂಗದ ನಮ್ಮ ಕನ್ನಡ ಸಂಘದಲ್ಲಿ ನನ್ನ ಹಳೆಯ ಗೆಳತಿಯ ಶ್ರದ್ಧಾಂಜಲಿ ಸಭೆ ನಡೆಯಿತು. ಮೇಜಿನ ಮೇಲೆ ಹಾರ ಹಾಕಿದ ಫೋಟೊ, ಪಕ್ಕದಲ್ಲೊಂದು ದೀಪ. ಅಧ್ಯಕ್ಷರು ಮೈಕಿನ ಮುಂದೆ ನಿಂತು, ಗಂಭೀರ ಸ್ವಭಾವದ, ಮಿತಭಾಷಿಯಾದ ಹಿರಿಯ ಜೀವವೊಂದನ್ನು ನಾವೆಲ್ಲ ಕಳೆದುಕೊಂಡಿದ್ದೇವೆ ಎಂದರು. ಅವರು ಒಳ್ಳೆಯವರೇ. ಸಂಘಕ್ಕೆ ಈಚೆಗೆ ಬಂದವರು, ಅವಳನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ದೂರದಿಂದ ಕಂಡಿದ್ದರು ಅಷ್ಟೆ. ಎಲ್ಲ ಹಿರಿಯರ ಬಗ್ಗೆ ಹೇಳುವ ಮಾತನ್ನೇ ಅವಳ ಬಗ್ಗೆಯೂ ಹೇಳಿದರು. ಆದರೆ ‘ಗಂಭೀರ’ ಎಂಬ ಆ ಒಂದು ಪದ ಕಿವಿಗೆ ಬಿದ್ದದ್ದೇ ತಡ, ನನಗೆ ನಗು ಉಕ್ಕಿ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಹೆಗಲು ಕುಲುಕತೊಡಗಿತು. ಪಕ್ಕದಲ್ಲಿದ್ದವರು ನಾನು ಅಳುತ್ತಿದ್ದೇನೆಂದು ತಿಳಿದು ಬೆನ್ನು ಸವರಿದರು. ಅದರಿಂದ ಪರಿಸ್ಥಿತಿ ಇನ್ನಷ್ಟು ಕೆಟ್ಟಿತು. ಎದ್ದು ಹೊರಗೆ ಓಡಿದೆ. ಈ ವಯಸ್ಸಿನಲ್ಲಿ ನಾನು ಇನ್ನೊಮ್ಮೆ ಹಾಗೆ ಓಡಲಾರೆ.

ಮೆಟ್ಟಿಲ ಮೇಲೆ ಕುಳಿತು ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಅವಳ ಮಗಳು ಹಿಂದೆಯೇ ಬಂದಳು. ನನ್ನ ಮುಖವನ್ನು ಒಮ್ಮೆ ನೋಡಿದಳು. ನಾನು ಅಳುತ್ತಿಲ್ಲವೆಂದು ಅವಳಿಗೆ ಆಗಲೇ ಗೊತ್ತಾಯಿತು. ಆ ತಾಯಿಯ ಮಗಳಲ್ಲವೇ. ಪಕ್ಕದಲ್ಲಿ ಕುಳಿತು, ಮೊಣಕಾಲಿಗೆ ಮುಖ ಒತ್ತಿಕೊಂಡು ಅವಳೂ ಶುರುಮಾಡಿದಳು. ಒಳಗೆ ಎಲ್ಲರೂ ಎದ್ದು ನಿಂತು ಮೌನ ಆಚರಿಸುತ್ತಿದ್ದರು. ಹೊರಗೆ ಮೆಟ್ಟಿಲ ಮೇಲೆ ನಾವಿಬ್ಬರೂ ಬಾಯಿ ಮುಚ್ಚಿಕೊಂಡು ಒದ್ದಾಡುತ್ತಿದ್ದೆವು. ಕೊನೆಗೆ ಉಸಿರು ಬಂದಾಗ ಅವಳು ಕೇಳಿದಳು.

‘ಮೌಶಿ, ಆ ಕ್ರೇನಿನ ಸ್ಟೋರಿ ಕೊನೆಗೆ ಏನಾಯ್ತು? ಅಮ್ಮ ಎಷ್ಟು ಸಲ ಶುರು ಮಾಡಿದ್ರೂ, ಕಾಗದ ಹಾರಿಹೋಯ್ತು ಅನ್ನೋವಷ್ಟರಲ್ಲಿ ನಗೋಕೆ ಶುರು. ಅದರ ಮುಂದೆ ನಮಗೆ ಯಾರಿಗೂ ಗೊತ್ತೇ ಇಲ್ಲ.’

ನನಗೆ ಗೊತ್ತು. ನಾನು ಅಲ್ಲಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಐವತ್ತರ ದಶಕದ ಮಾತು. ನಾನು ಮೈಸೂರಿನಿಂದ ಅಣ್ಣ ಅತ್ತಿಗೆಯರ ಜೊತೆ ಬಂದು ಮಾಟುಂಗದಲ್ಲಿದ್ದೆ. ಪರೇಲಿನಲ್ಲಿ ರೈಲುಹಳಿಯ ಪಕ್ಕ ಒಂದು ಕಂಪನಿಯ ಯಾರ್ಡಿತ್ತು. ಬಟ್ಟೆ ಮಿಲ್ಲುಗಳಿಗೆ ಬರುವ ಭಾರದ ಯಂತ್ರಗಳನ್ನು ಎತ್ತಿ, ಸಾಗಿಸಿ, ಜಾಗದಲ್ಲಿ ಕೂರಿಸಿ ಕೊಡುವುದು ಅದರ ಕೆಲಸ. ಯಾರ್ಡಿನ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಆಫೀಸು, ಅಲ್ಲಿ ನಾನು ಟೈಪಿಸ್ಟು. ಇನ್ನೊಬ್ಬಳು ಬೇಕೆಂದು ಜಾಹೀರಾತು ಕೊಟ್ಟಾಗ ಅವಳು ಬಂದಳು. ಉಡುಪಿ ಕಡೆಯವಳು. ಅಣ್ಣ ಮಾಟುಂಗದ ಒಂದು ಹೋಟೆಲಿನಲ್ಲಿ ಮ್ಯಾನೇಜರು, ಮನೆ ಸಯನ್‌ನಲ್ಲಿ. ಉದ್ದ ಜಡೆ, ಇಸ್ತ್ರಿ ಮಾಡಿದ ವಾಯಿಲ್ ಸೀರೆ, ಯಾರ್ಡಿನ ಗ್ರೀಸು ಮೆತ್ತಿದ ನೆಲಕ್ಕೆ ಸ್ವಲ್ಪವೂ ಒಗ್ಗದ ಬಿಳಿ ಚಪ್ಪಲಿ.

ಕಂಪನಿಯ ಮಾಲೀಕರಾದ ಶೇಟ್ ಸಾಹೇಬರು ಅವಳ ಹೆಸರು ಕೇಳಿದರು. ಅವಳು ನಕ್ಕಳು. ಟೈಪಿಂಗ್ ಬರುತ್ತದೆಯೇ ಎಂದರು. ಇನ್ನೂ ಜೋರಾಗಿ ನಕ್ಕಳು. ಈ ಹುಡುಗಿ ತಮ್ಮನ್ನು ಗೇಲಿ ಮಾಡುತ್ತಿದ್ದಾಳೆಂದು ಶೇಟರ ಮುಖ ಕೆಂಪಾಯಿತು. ಹೆಡ್‌ಕ್ಲಾರ್ಕು ಮಧ್ಯೆ ಬಂದು ಒಂದು ಕಾಗದ ಡಿಕ್ಟೇಟ್ ಮಾಡಿದರು. ಅವಳು ಮುಸಿಮುಸಿ ನಗುತ್ತಲೇ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡು, ನಗುತ್ತಲೇ ಟೈಪ್ ಮಾಡಿ, ನಗುತ್ತಲೇ ತಂದಿಟ್ಟಳು. ಒಂದು ತಪ್ಪಿರಲಿಲ್ಲ. ಕೆಲಸ ಸಿಕ್ಕಿತು. ಸಂಜೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಅದೇನು ಅಷ್ಟು ತಮಾಷೆ ಅನ್ನಿಸಿತು ಎಂದು ಕೇಳಿದೆ.

‘ತಮಾಷೆ ಎಂತದು ಮಾರಾಯ್ತಿ? ಹೆದರಿ ನನ್ನ ಜೀವವೇ ಹೋಗಿತ್ತು,’ ಎಂದಳು.

ಅವಳ ಮಾತು ನಿಜವೆಂದು ನನಗೆ ಮನದಟ್ಟಾದದ್ದು ಏಡಿಯಿಂದ. ನಾವಿಬ್ಬರೂ ದಿನಾ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಒಟ್ಟಿಗೆ ಹೋಗುತ್ತಿದ್ದೆವು. ಅವಳು ಸಯನ್‌ನಲ್ಲಿ ಹತ್ತಿ ನನಗೆ ಜಾಗ ಹಿಡಿದಿಡುತ್ತಿದ್ದಳು, ನಾನು ಮಾಟುಂಗದಲ್ಲಿ ಹತ್ತುತ್ತಿದ್ದೆ. ಒಂದು ದಿನ ಮೀನು ಮಾರುವ ಹೆಂಗಸೊಬ್ಬಳು ತಪ್ಪಿ ನಮ್ಮ ಡಬ್ಬಿಗೇ ಹತ್ತಿದಳು. ದಾದರ್ ಬರುವಷ್ಟರಲ್ಲಿ ಬುಟ್ಟಿಯಿಂದ ಒಂದು ಏಡಿ ಹೊರಬಿದ್ದು, ಬೇರೆ ಎಲ್ಲರನ್ನೂ ಬಿಟ್ಟು, ನೇರವಾಗಿ ಬಿಳಿ ಚಪ್ಪಲಿಯ ಕಡೆ ಹೊರಟಿತು. ಇವಳು ಬೆಂಚಿನ ಮೇಲೆ ಹತ್ತಿ ನಿಂತಳು. ಮೇಲಿನ ಹಿಡಿಕೆಗೆ ಜೋತುಬಿದ್ದು, ಮೈಯೆಲ್ಲ ನಡುಗಿಸಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆ ನಗುವಿಗೆ ಒಂದು ಗುಣವಿತ್ತು, ಕೇಳಿದವರಿಗೆ ತಗಲುತ್ತಿತ್ತು. ಮೊದಲು ಮೀನಿನ ಹೆಂಗಸು ನಕ್ಕಳು, ಆಮೇಲೆ ಎದುರಿನ ನರ್ಸಮ್ಮ, ಆಮೇಲೆ ಕೈಯಲ್ಲಿ ಜಪಮಾಲೆ ಹಿಡಿದಿದ್ದ ಮುದುಕಿ. ಪರೇಲಿನಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನ ಗಂಡಸರು ಈ ಡಬ್ಬಿಗೆ ಏನಾಗಿದೆಯೆಂದು ತಿರುಗಿ ನೋಡುತ್ತಿದ್ದರು. ಅವಳ ಕೈ ಹಿಡಿದುಕೊಂಡೆ. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು.

ಖುಷಿಯಾದಾಗಲೂ ನಗುತ್ತಿರಲಿಲ್ಲವೆಂದಲ್ಲ. ಅದಕ್ಕೂ ನಗುತ್ತಿದ್ದಳು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ನನ್ನ ಬಿಸಿಬೇಳೆಭಾತನ್ನು ನೋಡಿ, ಅನ್ನಕ್ಕೆ ಬೇಳೆ ಹಾಕಿ ಕಲಸಿದ್ದಕ್ಕೂ ಒಂದು ಹೆಸರು ಇಟ್ಟಿದ್ದೀರಲ್ಲ ಎಂದು ನಗುತ್ತಿದ್ದಳು. ನಕ್ಕು ಅರ್ಧ ತಿಂದು, ತನ್ನ ಗೋಳಿಬಜೆಯನ್ನು ನನ್ನ ಕಡೆ ತಳ್ಳುತ್ತಿದ್ದಳು. ಆ ನಗೆ ಮಾತ್ರ ಬೇರೆ, ಸ್ವಲ್ಪ ತಗ್ಗಿನಲ್ಲಿ, ಗಂಟಲಿನಿಂದ ಬರುತ್ತಿತ್ತು. ಹೆದರಿದಾಗಿನದು ಮೇಲುದನಿ. ಎರಡರ ವ್ಯತ್ಯಾಸ ಆ ಯಾರ್ಡಿನಲ್ಲಿ ನನ್ನೊಬ್ಬಳಿಗೆ ಗೊತ್ತಿತ್ತು.

ಆ ವರ್ಷ ಶೇಟರು ಹಡಗಿನಲ್ಲಿ ಹೊಸ ಕ್ರೇನು ತರಿಸಿದರು. ಯಾರ್ಡಿನಲ್ಲಿ ಅದಕ್ಕೆ ಮುಂಚೆ ಇದ್ದವೆಲ್ಲ ಕೈಯಿಂದ ತಿರುಗಿಸುವ ಹಳೆಯವು, ಒಂದೇ ಉದ್ದನೆಯ ತೋಳಿನವು. ಇದು ಲಾರಿಯ ಮೇಲೆ ಕೂತ ಕ್ರೇನು, ಇದರ ತೋಳು ನಮ್ಮ ಕೈಯ ಹಾಗೆ ಮೊಣಕೈಯಲ್ಲಿ ಮಡಚುತ್ತಿತ್ತು. ಮಡಚಿಟ್ಟರೆ ಹಿಂದಕ್ಕೆ ಒರಗಿ ಮಲಗುತ್ತಿತ್ತು, ಬಿಚ್ಚಿದರೆ ಗೋಡೆಯಾಚೆಗೂ ಕೈ ಚಾಚುತ್ತಿತ್ತು. ಮಿಲ್ಲಿನ ಕಿರಿದಾದ ಓಣಿಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲವೆಂದು ಶೇಟರು ಬಂದವರಿಗೆಲ್ಲ ತಮ್ಮ ಕೈ ಮಡಚಿ ಬಿಚ್ಚಿ ತೋರಿಸುತ್ತಿದ್ದರು.

ಕ್ರೇನಿನ ಜೊತೆ ಎರಕದ ಕಬ್ಬಿಣದ ಮೂರು ದೊಡ್ಡ ದಿಂಡುಗಳು ಬಂದಿದ್ದವು. ತೋಳು ಮುಂದೆ ಭಾರ ಎತ್ತಿದಾಗ ಇಡೀ ಯಂತ್ರ ಮುಂದಕ್ಕೆ ಮುಗ್ಗರಿಸದಂತೆ ಹಿಂಬದಿಗೆ ತೂಗುಹಾಕುವ ಎದುರುತೂಕಗಳು ಅವು. ಖಲಾಸಿಗಳು, ಅಂದರೆ ಭಾರ ಎತ್ತಿ ಇಳಿಸುವ ಆಳುಗಳು, ಅವನ್ನು ಬರೀ ವಜನ್ ಅನ್ನುತ್ತಿದ್ದರು. ಅವನ್ನು ಕೂರಿಸಿಕೊಡಲು ತಯಾರಕರ ಕಡೆಯಿಂದ ಬಂದ ವಿದೇಶದ ತಜ್ಞನಿಗೆ ಮುಂಬಯಿಯ ನೀರು ಒಗ್ಗದೆ ಕಾಮಾಲೆಯಾಯಿತು. ಅವನು ಆಸ್ಪತ್ರೆಯಲ್ಲಿ ಮಲಗಿದ, ಅವನ ಪುಸ್ತಕ ಮಾತ್ರ ನಮ್ಮಲ್ಲಿ ಉಳಿಯಿತು. ಹಡಗಿನಲ್ಲಿ ನೀರು ಕುಡಿದು ಅಂಟು ಬಿಟ್ಟು, ಪುಟಗಳೆಲ್ಲ ಬಿಡಿಬಿಡಿಯಾಗಿದ್ದ ಇಂಗ್ಲಿಷ್ ಪುಸ್ತಕ.

ಎಂಜಿನಿಯರ್ ಸಾಹೇಬರು ಬೆಂಗಳೂರಿನವರು, ವಯಸ್ಸು ಚಿಕ್ಕದು, ಕೆಲಸದಲ್ಲಿ ಹುರುಪು ಹೆಚ್ಚು. ದಿಂಡುಗಳನ್ನು ಯಂತ್ರಕ್ಕೆ ಬಿಗಿಯುವ ಪಿನ್ನು ಹಾಕುವ ಕೆಲಸವನ್ನು ತಾವೇ ಮೇಲೆ ಹತ್ತಿ ಮಾಡುವುದಾಗಿ ಹೇಳಿದರು. ಕೆಳಗೆ ಖಲಾಸಿಗಳನ್ನು ನಡೆಸುವವರು ಫೋರ್‌ಮನ್ ಕಾಕಾ, ಬಿಜಾಪುರ ಕಡೆಯವರು, ಬಿಳಿ ಮೀಸೆ, ಕೆಂಪು ರುಮಾಲು. ಪುಸ್ತಕವನ್ನು ಓದಿ ಹೇಳುವವರು ಬೇಕಲ್ಲ. ಪಕ್ಕದ ಮಿಲ್ಲಿನ ಸದ್ದಿನ ಮೇಲೆ ಕೇಳಿಸುವಂಥ ಗಂಟಲು ಇಡೀ ಆಫೀಸಿನಲ್ಲಿ ಅವಳಿಗೊಬ್ಬಳಿಗೇ ಇತ್ತು. ಹಾಗಾಗಿ ಅವಳ ಕೈಗೆ ಬಾಯಿಗಿಟ್ಟು ಕೂಗುವ ತಗಡಿನ ಭೋಂಗಾ ಕೊಟ್ಟು ಒಂದು ಸ್ಟೂಲಿನ ಮೇಲೆ ನಿಲ್ಲಿಸಿದರು. ಬಿಡಿ ಪುಟಗಳು ಹಾರದಂತೆ ಪಕ್ಕದ ಡ್ರಮ್ಮಿನ ಮೇಲಿಟ್ಟು ಕಲ್ಲು ಹೇರಿಕೊಂಡಳು.

ಅವಳು ಇಂಗ್ಲಿಷಿನಲ್ಲಿ ಒಂದು ಸಾಲು ಓದಿ, ಅದನ್ನೇ ಯಾರ್ಡಿನ ಹಿಂದಿಯಲ್ಲಿ ಹೇಳಬೇಕು. ಅವಳ ಹಿಂದಿ ಅಣ್ಣನ ಹೋಟೆಲಿನಲ್ಲಿ ಕಲಿತದ್ದು. ತೂಗಾಡುವ ಭಾರದ ಕೆಳಗೆ ಯಾರೂ ನಿಲ್ಲತಕ್ಕದ್ದಲ್ಲ ಎಂಬ ಸಾಲು ಅವಳ ಬಾಯಲ್ಲಿ, ಇದರ ಕೆಳಗೆ ನಿಂತವನ ಹೆಂಡತಿ ಬೇರೆ ಗಂಡನ್ನು ನೋಡಿಕೊಳ್ಳಬೇಕಾಗುತ್ತದೆ ಎಂದಾಯಿತು. ಭಾರವನ್ನು ಕೈಯಿಂದ ಹಿಡಿಯದೆ ಹಗ್ಗ ಕಟ್ಟಿ ದೂರದಿಂದ ತಿರುಗಿಸಬೇಕು ಎಂಬುದು, ಎಮ್ಮೆಯನ್ನು ಹಿಡಿದ ಹಾಗೆ ಹಿಡಿಯಿರಿ ಎಂದಾಯಿತು. ದಿಂಡಿಗೂ ಯಂತ್ರಕ್ಕೂ ನಡುವೆ ಬೆರಳಿಡಬೇಡಿ ಎಂಬುದನ್ನು ತನ್ನ ಹತ್ತೂ ಬೆರಳನ್ನು ಎತ್ತಿ ತೋರಿಸಿ ಹೇಳಿದಳು. ಖಲಾಸಿಗಳು ರತ್ನಾಗಿರಿಯವರು, ಗಟ್ಟಿಮುಟ್ಟಾದ ಗಂಡಸರು. ಇವಳ ಮಾತಿಗೆ ಹಲ್ಲು ಬಿಟ್ಟು ನಗುತ್ತಿದ್ದರು. ಆದರೆ ಒಂದು ಸಾಲನ್ನೂ ಮರೆಯುತ್ತಿರಲಿಲ್ಲ. ಆ ಬೆಳಿಗ್ಗೆ ಯಾರ್ಡಿನಲ್ಲಿ ಕೆಲಸ ನಡೆಯುತ್ತಿದೆಯೋ ಮದುವೆ ನಡೆಯುತ್ತಿದೆಯೋ ಗೊತ್ತಾಗದ ಹಾಗಿತ್ತು.

ಮದುವೆಯ ಹಾಗೆ ಕಾಣಲು ಇನ್ನೊಂದು ಕಾರಣವಿತ್ತು. ಶೇಟರು ಕ್ರೇನಿಗೆ ಪೂಜೆ ಇಟ್ಟುಕೊಂಡಿದ್ದರು. ಮಧ್ಯಾಹ್ನದ ಮುಹೂರ್ತ. ಅತಿಥಿಗಳಿಗೆ ನೆರಳಿರಲೆಂದು ಯಂತ್ರದ ಮುಂದುಗಡೆಗೇ ಬಣ್ಣಬಣ್ಣದ ಪೆಂಡಾಲು ಹಾಕಿಸಿ ಕುರ್ಚಿ ಜೋಡಿಸಿದ್ದರು. ಎಲ್ಲ ವಜನ್‌ಗಳೂ ಏರಿರಬೇಕು, ಅವಕ್ಕೂ ಹಾರ ಹಾಕಬೇಕು ಎಂದು ಅವರ ಆಸೆ.

ಯಂತ್ರದ ನಾಲ್ಕು ಕಬ್ಬಿಣದ ಕಾಲುಗಳನ್ನು ಪಕ್ಕಕ್ಕೆ ಚಾಚಿ, ಪಾದಗಳ ಕೆಳಗೆ ರೈಲಿನ ಹಳೆಯ ಮರದ ಸ್ಲೀಪರುಗಳನ್ನು ಹಾಕಿ, ಮಟ್ಟ ನೋಡಿ ಆಯಿತು. ಹಳೆಯ ಕೈಕ್ರೇನಿನಿಂದ ಮೊದಲ ದಿಂಡನ್ನು ಎತ್ತಿ ಹಿಂಬದಿಗೆ ತೂಗುಹಾಕಿ ಪಿನ್ನು ಹೊಡೆದೂ ಆಯಿತು. ಅವಳು ಮುಂದಿನ ಸಾಲು ಓದಿದಳು. ಎರಡನೆಯ ದಿಂಡನ್ನು ಹಾಕುವ ಮುಂಚೆ ತೋಳನ್ನು ಬಿಚ್ಚಿ ಮುಂದಕ್ಕೆ ಚಾಚಿರಬೇಕು.

ತೋಳು ಚಾಚಬೇಕಾದ ಜಾಗದಲ್ಲಿ ಪೆಂಡಾಲಿತ್ತು.

ಎಂಜಿನಿಯರು ಪೆಂಡಾಲನ್ನು ನೋಡಿದರು, ಗಡಿಯಾರ ನೋಡಿದರು. ಪೂಜೆ ಮುಗಿದ ಮೇಲೆ ತೋಳು ಬಿಚ್ಚಿದರಾಯಿತು, ಕಾಲುಗಳೆಲ್ಲ ಭದ್ರವಾಗಿವೆ, ಮುಂದಿನದು ಓದಿ ಎಂದರು. ಫೋರ್‌ಮನ್ ಕಾಕಾ ಒಂದು ಕ್ಷಣ ಮೀಸೆ ನೀವಿಕೊಂಡರು. ಆದರೆ ಅವರು ಅಲ್ಲಿಯವರೆಗೆ ಕೂರಿಸಿದ್ದ ಕ್ರೇನುಗಳೆಲ್ಲ ನೆಲಕ್ಕೆ ಬೋಲ್ಟು ಬಿಗಿದು ನಿಲ್ಲಿಸುವಂಥವು, ಹಿಂದಕ್ಕೆ ಬೀಳುವ ಕ್ರೇನನ್ನು ಅವರು ಕಂಡಿರಲಿಲ್ಲ. ಎರಡನೆಯ ದಿಂಡಿನ ಕಡೆ ನಡೆದರು. ಅವಳು ಆ ಸಾಲನ್ನೇ ಇನ್ನೊಂದು ಸಲ ಓದಿದಳು. ಮುಂದಿನದು ಎಂದು ಮೇಲಿನಿಂದ ಮತ್ತೆ ಕೂಗು ಬಂತು. ಓದಿದಳು. ಎರಡನೆಯ ದಿಂಡು ಏರಿತು.

ಮುಂದೆ ಬೀಳದಿರಲಿ ಎಂದು ಹಾಕುವ ಭಾರವೇ ಹೊತ್ತಿಗೆ ಮುಂಚೆ ಹಾಕಿದರೆ ಯಂತ್ರವನ್ನು ಹಿಂದಕ್ಕೆ ಕೆಡವುತ್ತದೆ ಎಂಬುದು ಅಂದು ಅಲ್ಲಿದ್ದ ಯಾರ ತಲೆಗೂ ಬರಲಿಲ್ಲ. ತೋಳು ಹಿಂದಕ್ಕೆ ಮಡಚಿ ಮಲಗಿತ್ತು. ವಜನ್‌ಗಳು ಹಿಂದೆ ತೂಗುತ್ತಿದ್ದವು. ಎಂಜಿನಿಯರು ಯಂತ್ರದ ಹಿಂಬದಿಯ ಕಟ್ಟೆಯ ಮೇಲೆ ನಿಂತಿದ್ದರು. ಖಲಾಸಿಗಳು ಹಿಂದೆ. ಅವರ ಬೆನ್ನಿಗೆ ನಮ್ಮ ತಗಡಿನ ಆಫೀಸು, ಅದರ ಕಿಟಕಿಯಲ್ಲಿ ನಾನು.

ಮೂರನೆಯ ದಿಂಡಿಗೆ ಸರಪಳಿ ಸುತ್ತುತ್ತಿದ್ದಾಗ ಸಮುದ್ರದ ಕಡೆಯಿಂದ ಗಾಳಿ ಬಂತು. ಅವಳು ಪುಟ ತಿರುವಲು ಕಲ್ಲು ಎತ್ತಿದ್ದಳು. ಒಂದು ಹಾಳೆ ಹಾರಿತು. ಸ್ಟೂಲಿನಿಂದ ಧುಮುಕಿ, ಸೀರೆಯ ನೆರಿಗೆ ಎತ್ತಿ ಹಿಡಿದು ಅದರ ಹಿಂದೆ ಓಡಿದಳು. ಹಾಳೆ ಉರುಳುತ್ತಾ ಹೋಗಿ ಕ್ರೇನಿನ ಮುಂದಿನ ಕಾಲಿನ ಬುಡದಲ್ಲಿ, ಕಬ್ಬಿಣದ ಪಾದಕ್ಕೂ ಮರದ ಸ್ಲೀಪರಿಗೂ ಮಧ್ಯೆ ಅರ್ಧ ತೂರಿಕೊಂಡು ನಿಂತಿತು. ಅವಳು ಬಗ್ಗಿ ಅದನ್ನು ಎಳೆದುಕೊಂಡಳು. ಅದು ಹರಿಯಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಬಂತು.

ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವಳು ಕೈಯಲ್ಲಿದ್ದ ಹಾಳೆಯನ್ನು ನೋಡಿದಳು, ಆ ಪಾದವನ್ನು ನೋಡಿದಳು, ಮೇಲಿದ್ದ ಅಷ್ಟು ದೊಡ್ಡ ಯಂತ್ರವನ್ನು ನೋಡಿದಳು. ಆಮೇಲೆ ನನಗೆ ಆ ಮೇಲುದನಿಯ ನಗು ಕೇಳಿಸಿತು.

ನಗುತ್ತಾ ಓಡಿ ಬಂದಳು. ಏನೋ ಹೇಳಲು ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಯಂತ್ರದ ಕಡೆ ಕೈ ತೋರಿಸಿದಳು, ಹಾಳೆಯನ್ನು ಬೀಸಿದಳು, ಹೊಟ್ಟೆ ಹಿಡಿದುಕೊಂಡಳು. ಖಲಾಸಿಗಳಿಗೆ ಬೆಳಿಗ್ಗೆಯಿಂದ ಅಭ್ಯಾಸವಾಗಿತ್ತಲ್ಲ, ಅವರೂ ನಗತೊಡಗಿದರು. ಕೈಕ್ರೇನಿನ ಸರಪಳಿ ಬಿಗಿಯಾಗುತ್ತಿತ್ತು. ಅವಳಿಗೆ ಬೇರೆ ದಾರಿ ಕಾಣಲಿಲ್ಲವೆಂದು ತೋರುತ್ತದೆ. ಹೋಗಿ ಆ ಮೂರನೆಯ ದಿಂಡಿನ ಮೇಲೆ, ಗ್ರೀಸಿನ ಮೇಲೆ, ವಾಯಿಲ್ ಸೀರೆಯಲ್ಲಿ ಕುಳಿತುಬಿಟ್ಟಳು. ಎರಡೂ ಕೈಯಿಂದ ಸರಪಳಿಯನ್ನು ಅಪ್ಪಿಕೊಂಡಳು.

ಕೆಲಸ ನಿಂತಿತು. ಹೆಣ್ಣುಮಗಳನ್ನು ಮುಟ್ಟಿ ಎಬ್ಬಿಸುವವರು ಯಾರು? ಎಂಜಿನಿಯರು ಮೇಲಿನಿಂದ, ಇದೇನು ಮಕ್ಕಳಾಟ, ಇವರನ್ನು ಒಳಗೆ ಕಳಿಸಿ ಎಂದು ಸಿಡುಕಿದರು. ಪೆಂಡಾಲಿನ ಅತಿಥಿಗಳು ಎದ್ದು ನಿಂತು ಇಣುಕಿದರು. ಫೋರ್‌ಮನ್ ಕಾಕಾ ಹತ್ತಿರ ಬಂದು ರುಮಾಲು ಸರಿಮಾಡಿಕೊಂಡರು.

‘ಏಳವ್ವಾ. ಅದರ ಮ್ಯಾಲ ಕುಂತ್ರ ಕೆಲಸಾ ಹೆಂಗ ನಡೀಬೇಕು?’

ಅವಳು ತಲೆ ಅಲ್ಲಾಡಿಸಿದಳು. ಕಣ್ಣಿನಿಂದ ನೀರು ಧಾರಾಕಾರ, ನಗು ಮಾತ್ರ ನಿಲ್ಲದು.

ನಾನು ಅಷ್ಟರಲ್ಲಿ ಓಡಿ ಬಂದಿದ್ದೆ. ಸರಪಳಿ ಹಿಡಿದ ಅವಳ ಕೈ ಮುಟ್ಟಿದೆ. ಆ ಕೈ ನನಗೆ ಗೊತ್ತಿತ್ತು.

‘ಕಾಕಾ, ಇವಳು ನಗ್ತಾ ಇಲ್ಲ,’ ಎಂದೆ. ‘ಇವಳಿಗೆ ಭಯವಾಗಿದೆ. ಭಯವಾದ್ರೆ ಇವಳಿಗೆ ಹೀಗೇ ಆಗತ್ತೆ. ಏನೋ ನೋಡಿದ್ದಾಳೆ.’

ಈಗ ಬರೆಯುವಾಗ ಎಷ್ಟು ವಿಚಿತ್ರವಾಗಿ ಕಾಣುತ್ತದೆ ಈ ಮಾತು. ಎದುರಿಗೆ ಕೇಕೆ ಹಾಕಿ ನಗುತ್ತಿರುವವಳನ್ನು ತೋರಿಸಿ ಇವಳು ನಗುತ್ತಿಲ್ಲ ಎಂದು ಹೇಳುವುದು. ಆದರೆ ಕಾಕಾ ನನ್ನನ್ನು ನಂಬಿದರು. ಅವಳು ಹಾಳೆಯನ್ನು ನನ್ನ ಕೈಗೆ ತುರುಕಿ ಮುಂದಿನ ಕಾಲಿನ ಕಡೆ ಬೆರಳು ಚಾಚಿದಳು. ನಾನು, ಕಾಕಾ ಇಬ್ಬರೂ ಹೋದೆವು. ಹಾಳೆಯನ್ನು ಪಾದದ ಕೆಳಗೆ ಹಿಡಿದೆ. ಅಂಚೆಡಬ್ಬಿಗೆ ಕಾಗದ ಹೋದ ಹಾಗೆ ಒಳಗೆ ಹೋಯಿತು. ಎಳೆದೆ, ಬಂತು. ಆಚೆ ಬದಿಯ ಮುಂದಿನ ಕಾಲಿಗೂ ಹೋಗಿ ನೋಡಿದೆವು. ಅಲ್ಲೂ ಅದೇ. ಯಂತ್ರದ ಅರ್ಧ ಭಾರ ಹೊರಬೇಕಾದ ಕಾಲುಗಳು ನೆಲವನ್ನು ಸುಮ್ಮನೆ ಸವರಿಕೊಂಡಿದ್ದವು.

ಕಾಕಾ ಕೂಗಲಿಲ್ಲ. ಮಲಗಿದ ಮಗುವಿನ ಕೋಣೆಯಲ್ಲಿ ಮಾತಾಡುವಷ್ಟು ಮೆಲ್ಲಗೆ, ಎಲ್ಲರೂ ಹಿಂದಿನಿಂದ ಸರಿಯಿರಿ, ಯಾರೂ ಯಂತ್ರಕ್ಕೆ ಕೈ ಹಚ್ಚಬೇಡಿ ಎಂದು ಖಲಾಸಿಗಳಿಗೆ ಹೇಳಿದರು. ಆಮೇಲೆ ತಲೆ ಎತ್ತಿದರು.

‘ಸಾಹೇಬ್ರ, ಸಾವಕಾಶ ಇಳೀರಿ. ಜಿಗೀಬ್ಯಾಡ್ರಿ.’

ಎಂಜಿನಿಯರಿಗೆ ಆ ಸ್ವರದಲ್ಲೇ ಎಲ್ಲ ತಿಳಿದಿರಬೇಕು. ಹಾಲಿನ ಪಾತ್ರೆಯ ಹತ್ತಿರದಿಂದ ಜಾರಿಕೊಳ್ಳುವ ಬೆಕ್ಕಿನ ಹಾಗೆ, ಒಂದೊಂದೇ ಹೆಜ್ಜೆ ಇಟ್ಟು ಕೆಳಗೆ ಬಂದರು. ಹಾಳೆ ಹೋಗಿ ಬರುವುದನ್ನು ನೋಡಿದರು. ನೆಲದ ಮೇಲೆ ಕುಳಿತು ನೀರು ಕೇಳಿದರು. ಕುಡಿದು, ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು ನೇರವಾಗಿ ಶೇಟರ ಹತ್ತಿರ ಹೋದರು. ತಪ್ಪು ತನ್ನದು, ಪೆಂಡಾಲು ಈಗಲೇ ಬಿಚ್ಚಬೇಕು, ಇಲ್ಲವಾದರೆ ನಾಳೆಯಿಂದ ತಾನು ಬರುವುದಿಲ್ಲ ಎಂದು ಅತಿಥಿಗಳೆಲ್ಲರ ಮುಂದೆ ಹೇಳಿದರು. ಆ ದಿನದಿಂದ ನನಗೆ ಆ ಮನುಷ್ಯನ ಮೇಲೆ ಗೌರವ.

ಮುಂದಿನದು ಸಂಭ್ರಮವೇ. ಖಲಾಸಿಗಳು ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಪೆಂಡಾಲಿನ ಬಟ್ಟೆ ಎಳೆದು ಹಾಕಿದರು. ಅತಿಥಿಗಳು ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು ಬಿಸಿಲಲ್ಲಿ ಸಾಲಾಗಿ ನಿಂತರು. ಮುಹೂರ್ತ ದಾಟಿತು. ಪುರೋಹಿತರು ಪಂಚಾಂಗದಲ್ಲಿ ಹುಡುಕಿ ಸಂಜೆಗೆ ಇನ್ನೊಂದು ತೆಗೆದುಕೊಟ್ಟರು, ಅದು ಮೊದಲಿನದಕ್ಕಿಂತ ಶ್ರೇಷ್ಠ ಎಂದೂ ಹೇಳಿದರು. ಹಿಂದೆ ಯಾರನ್ನೂ ಬಿಡದೆ, ಹಗ್ಗ ಹಿಡಿದು ದೂರ ನಿಂತು ಎರಡನೆಯ ದಿಂಡನ್ನು ಮೊದಲು ಇಳಿಸಿದರು. ಆಮೇಲೆ ತೋಳು ನಿಧಾನವಾಗಿ ಎದ್ದು, ಮೊಣಕೈ ಬಿಚ್ಚಿ, ಮುಂದಕ್ಕೆ ಚಾಚಿತು. ಕಾಕಾ ಹಾಳೆಯನ್ನು ಮುಂದಿನ ಪಾದದ ಕೆಳಗೆ ತೂರಲು ಹೋದರು. ಹೋಗಲಿಲ್ಲ. ಕಬ್ಬಿಣ ಮರವನ್ನು ಕಚ್ಚಿ ಕುಳಿತಿತ್ತು.

ಅವಳು ಮತ್ತೆ ಸ್ಟೂಲು ಹತ್ತಿದಳು. ಸೀರೆಯ ಹಿಂಭಾಗಕ್ಕೆ ದಿಂಡಿನ ಆಕಾರದ ಗ್ರೀಸಿನ ಅಚ್ಚು ಬಿದ್ದಿತ್ತು. ಸಾಲುಸಾಲಾಗಿ ಓದಿದಳು. ಈ ಸಲ ಒಂದೊಂದು ಸಾಲಿಗೂ ಖಲಾಸಿಗಳು ದನಿಗೂಡಿಸಿ ‘ಜೀ, ಬಾಯೀ’ ಎಂದು ಉತ್ತರ ಕೊಟ್ಟರು. ದಿಂಡು ಏರಿತು, ಪಿನ್ನು ಬಿತ್ತು, ಪಿನ್ನು ಜಾರದಂತೆ ಕೀಲಿ ಬಿತ್ತು, ಕಾಲುಗಳ ಕೆಳಗೆ ಮತ್ತೆ ನೋಡಿದರು, ಇನ್ನೊಂದು ಏರಿತು. ಮೂರನೆಯದರ ಕೀಲಿ ಬಿದ್ದಾಗ ಯಾರೋ ಒಬ್ಬ ಸೀಟಿ ಹೊಡೆದ.

ಪೂಜೆಯ ಹೊತ್ತಿಗೆ ಶೇಟರು ಅವಳನ್ನು ಕರೆಸಿದರು. ಅವರ ಕೈಯಲ್ಲಿ ತೆಂಗಿನಕಾಯಿ ಇತ್ತು. ಏನಮ್ಮಾ, ನಿನಗೆ ಅಷ್ಟು ನಗು ಬಂದದ್ದೇಕೆ ಎಂದು ಗಡಸು ದನಿಯಲ್ಲಿ ಕೇಳಿದರು. ಶೇಟರ ಎದುರು ನಿಂತು ಅವಳಿಗೆ ಏನಾಗಬೇಕೋ ಅದೇ ಆಯಿತು. ಶೇಟರು ಹುಬ್ಬು ಗಂಟಿಕ್ಕಿ ನೋಡಿದರು, ತುಟಿ ಕಚ್ಚಿಕೊಂಡರು, ಆಮೇಲೆ ಅವರ ದೊಡ್ಡ ಹೊಟ್ಟೆ ಕುಲುಕತೊಡಗಿತು. ತೆಂಗಿನಕಾಯಿ ಕೈಯಿಂದ ಜಾರಿ ತಾನಾಗಿಯೇ ಒಡೆಯಿತು. ಪುರೋಹಿತರು ಅದನ್ನೂ ಶುಭ ಎಂದರು.

ಇಷ್ಟು ನಗುವವಳಿಗೆ ಮದುವೆ ಹೇಗಾಯಿತು ಎಂದು ನಮ್ಮ ಆಫೀಸಿನಲ್ಲಿ ಕೇಳುವವರಿದ್ದರು. ನೋಡಲು ಬಂದ ಒಂದೆರಡು ಕಡೆಯವರು ಹುಡುಗಿ ಗೇಲಿ ಮಾಡುತ್ತಾಳೆಂದು ಬೇಸರಪಟ್ಟು ಹೋಗಿದ್ದರು. ಆಮೇಲೆ ಬಂದವರು ವಡಾಲದ ಶಾಲೆಯೊಂದರ ಲೆಕ್ಕದ ಮೇಷ್ಟ್ರು, ಕುಂದಾಪುರದವರು. ಅವಳು ಕಾಫಿ ತಂದು ನಗಲು ಶುರುಮಾಡಿದಳು. ಅವರಿಗೆ ಗಾಬರಿಯಾದರೆ ಬಿಕ್ಕಳಿಕೆ ಬರುವ ಕಾಯಿಲೆ. ಅವಳು ನಗುವುದು, ಅವರು ಬಿಕ್ಕಳಿಸುವುದು, ಅದನ್ನು ಕೇಳಿ ಅವಳು ಮತ್ತೂ ನಗುವುದು. ಹಿರಿಯರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾ ಕುಳಿತರಂತೆ. ಅವಳ ಅತ್ತಿಗೆ ಇಬ್ಬರಿಗೂ ನೀರು ಕೊಟ್ಟು, ಇವರಿಗೆ ಇವರೇ ಸರಿ ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟರು. ಮದುವೆಯ ಮಂಟಪದಲ್ಲೂ ಅದೇ ಕಥೆ. ಅವರ ಸಂಸಾರ ಚೆನ್ನಾಗಿ ನಡೆಯಿತು. ಮೇಷ್ಟ್ರು ಅವಳಿಗಿಂತ ಮೊದಲೇ ಹೋದರು. ಆಗ ಅವಳು ಅತ್ತಳು, ಎಲ್ಲರ ಹಾಗೆ, ಬಹಳ ದಿನ.

ಆದರೆ ಮಗಳು ಕೇಳಿದ್ದು ಕ್ರೇನಿನ ಕಥೆಯ ಕೊನೆಯನ್ನಲ್ಲವೇ. ಅದು ಪೂಜೆಯ ದಿನ ಮುಗಿಯಲಿಲ್ಲ. ಮರುವಾರ ಪರೇಲಿನ ಒಂದು ಮಿಲ್ಲಿಗೆ ಬಟ್ಟೆಗೆ ಬಣ್ಣ ಹಾಕುವ ವಿಭಾಗದ ಹೊಸ ಬಾಯ್ಲರನ್ನು ಏರಿಸುವುದಿತ್ತು. ಗೇಟಿನಲ್ಲಿ ಹಿಡಿಸದು, ಗೋಡೆ ದಾಟಿಸಿಯೇ ಒಳಗಿಳಿಸಬೇಕು. ಮಿಲ್ಲಿಗೆ ರಜೆಯೆಂದು ಭಾನುವಾರ ಗೊತ್ತುಮಾಡಿದ್ದರು. ಟೈಪಿಸ್ಟರಿಗೆ ಅಲ್ಲೇನು ಕೆಲಸ? ಆದರೂ ಕಾಕಾ ಶನಿವಾರವೇ ಬಂದು, ಇಬ್ಬರೂ ಬರಬೇಕು, ವಜನ್ ಮೇಲೆ ಕುಳಿತವಳು ಅದು ಕೆಲಸ ಮಾಡುವುದನ್ನೂ ನೋಡಬೇಕು ಎಂದು ಹೇಳಿ ಹೋಗಿದ್ದರು. ಅವಳು ಹಸಿರು ರೇಷ್ಮೆ ಸೀರೆ ಉಟ್ಟುಕೊಂಡು, ಮಲ್ಲಿಗೆ ಮುಡಿದು ಬಂದಳು.

ಓಣಿಯ ಎರಡೂ ಬದಿ, ಮಿಲ್ಲಿನ ಕೆಲಸಗಾರರು ವಾಸವಿದ್ದ ಚಾಳುಗಳ ಗ್ಯಾಲರಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಲಟ್ಟಣಿಗೆ ಹಿಡಿದೇ ಹೊರಗೆ ಬಂದಿದ್ದರು. ಕಾಕಾ ನಾಲ್ಕೂ ಕಾಲುಗಳನ್ನು ಸುತ್ತಿ ನೋಡಿ ಬಂದರು, ವಜನ್‌ಗಳ ಕೀಲಿಗಳನ್ನು ಒಂದೊಂದಾಗಿ ಮುಟ್ಟಿದರು. ಆಮೇಲೆ ಅವಳ ಹತ್ತಿರ ಬಂದು, ಎತ್ತು ಎನ್ನುವುದಕ್ಕೆ ಖಲಾಸಿಗಳು ‘ಹಬೇಸ್’ ಅನ್ನುತ್ತಾರೆ, ಇಂದು ಆ ಮಾತನ್ನು ನೀನೇ ಹೇಳು ಎಂದರು.

ಅವಳು ಬಾಯಿ ತೆರೆದಳು. ನಗು ಬಂತು. ಕ್ಯಾಬಿನ್ನಿನಲ್ಲಿ ಕುಳಿತ ಡ್ರೈವರು ಕಾಯುತ್ತಿದ್ದ. ಮತ್ತೆ ತೆರೆದಳು. ಮತ್ತೆ ಅದೇ. ಮೇಲುದನಿಯೋ ತಗ್ಗಿನದೋ ನನಗೇ ತಿಳಿಯಲಿಲ್ಲ, ಎರಡೂ ಬೆರೆತು ಹೋಗಿತ್ತು. ಗ್ಯಾಲರಿಯ ಹೆಂಗಸರಿಗೂ ತಗಲಿತು. ಕೊನೆಗೆ ಅವಳು ಕಣ್ಣು ಮುಚ್ಚಿ, ಮುಷ್ಟಿ ಬಿಗಿದು, ಇಡೀ ಮೈಯಿಂದ ಕೂಗಿದಳು.

‘ಹಬೇಸ್.’

ಅರ್ಥ ಗೊತ್ತಿಲ್ಲದ ಚಾಳಿನ ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ಒಟ್ಟಿಗೆ ಅದನ್ನೇ ಕೂಗಿದರು. ಸರಪಳಿ ಬಿಗಿಯಿತು. ಬಾಯ್ಲರು ನೆಲ ಬಿಟ್ಟಿತು. ಹಿಂದೆ ಆ ಮೂರು ದಿಂಡುಗಳು ಅಲುಗದೆ ತೂಗುತ್ತಿದ್ದವು, ಮುಂದೆ ತೋಳು ಮೊಣಕೈಯನ್ನು ಬಿಚ್ಚುತ್ತಾ, ಎಲ್ಲ ಮಹಡಿಗಳನ್ನೂ ದಾಟಿ ಮೇಲಕ್ಕೆ ಏರಿತು. ಅಷ್ಟು ದೊಡ್ಡ ಕಬ್ಬಿಣದ ಪೀಪಾಯಿ ಆಕಾಶದಲ್ಲಿ ಒಂದು ಕ್ಷಣ ಸುಮ್ಮನೆ ನಿಂತಿತು. ಆಮೇಲೆ ಅದು ಗೋಡೆಯಾಚೆ ಇಳಿಯುತ್ತಾ ಹೋಗಿ ಮರೆಯಾಯಿತು. ಒಳಗಿನಿಂದ ಯಾರೋ, ಕೂತಿತು ಎಂದು ಕೂಗಿದರು. ಇಡೀ ಓಣಿ ಚಪ್ಪಾಳೆ ತಟ್ಟಿತು.

ಅವಳು ಕಾಕಾನ ಅಂಗಿಯ ತೋಳು ಹಿಡಿದು ಜಗ್ಗಿದಳು. ಮಲ್ಲಿಗೆ ಜಾರಿ ಹೆಗಲ ಮೇಲೆ ಬಿದ್ದಿತ್ತು, ಮುಖ ಕೆಂಪಾಗಿತ್ತು.

‘ಕಾಕಾ, ಅದನ್ನು ಹೊರಗೆ ತೆಗೆದು ಇನ್ನೊಮ್ಮೆ ಎತ್ತುವನಾ?’

ಕಾಕಾ ಅವಳ ಮುಖ ನೋಡಿದರು. ಆಮೇಲೆ ತಿರುಗಿ ಕ್ರೇನಿನ ಕಡೆ ನೋಡಿದರು. ಇಲ್ಲವ್ವಾ ಎನ್ನುವ ಮುಂಚೆ ಅವರು ಮೀಸೆ ನೀವಿಕೊಂಡು ಸ್ವಲ್ಪ ಹೊತ್ತು ನಿಂತದ್ದನ್ನು ನಾನು ನೋಡಿದ್ದೇನೆ. ಆ ಸ್ವಲ್ಪ ಹೊತ್ತು ಅವರೂ ಅದನ್ನೇ ಯೋಚಿಸುತ್ತಿದ್ದರು.